ಸೋಸಿ ಎಸೆದ ಬಿಳಿ ಕೆಸರು

ಕಳೆದ ತಿಂಗಳು ಒಂದು ಬೆಳಿಗ್ಗೆ ನಿಶ್ಮಿತಾ ಫೋನ್ ಮಾಡಿದಳು. ಮೆಡಿಕಲ್ ಕಾಲೇಜಿನ ಫಿಸಿಯಾಲಜಿ ವಿಭಾಗದಲ್ಲಿ ನಾನು ನಿವೃತ್ತನಾಗಿ ಬಿಟ್ಟು ಬಂದ ಟೆಕ್ನಿಷಿಯನ್ ಕೆಲಸಕ್ಕೆ ಹೊಸದಾಗಿ ಸೇರಿದವಳು ಅವಳು.

"ಅಂಕಲ್, ಸಲ್ಯೂಷನ್ ಮಾಡಿದೆ. ಬಾಟ್ಲಿಯ ಅಡಿಯಲ್ಲಿ ಬಿಳಿ ಬಿಳಿ ಎಂತದೋ ನಿಂತಿದೆ. ಸೋಸಿ ಬಿಡ್ಲಾ?"

"ಸೋಸ್ಬೇಡ!" ಎಂದೆ. ದನಿ ಎಷ್ಟು ಜೋರಾಯಿತೆಂದರೆ ಅಡುಗೆಮನೆಯಿಂದ ಹೆಂಡತಿ ಬಂದು ನನ್ನ ಮುಖ ನೋಡಿದಳು.

"ಯಾಕೆ ಅಂಕಲ್?"

ಹೇಳಲು ಬಾಯಿ ತೆರೆದೆ, ಮಾತು ಬರಲಿಲ್ಲ. "ಮುಚ್ಚಿ ಇಡು, ನಾನು ಬರ್ತೇನೆ" ಎಂದು ಫೋನ್ ಇಟ್ಟೆ. ಆ 'ಯಾಕೆ'ಗೆ ಉತ್ತರ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಅರ್ಧ ಮಾತ್ರ ಗೊತ್ತಿದೆ ಎಂದು ಆಗ ತಿಳಿಯಿತು. ಆ ಅರ್ಧವನ್ನಾದರೂ ಈ ಕೆಲಸಕ್ಕೆ ಬರುವ ಮಕ್ಕಳಿಗೆ ಬರೆದಿಡೋಣ ಎಂದು ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತಾ ಕುಳಿತಿದ್ದೇನೆ. ಯಾವ ವರ್ಷ ಪರ್ಮನೆಂಟ್ ಆದೆ, ಯಾವಾಗ ಮೇಲಿನ ಗ್ರೇಡ್ ಸಿಕ್ಕಿತು ಎಂಬುದೆಲ್ಲ ಸರ್ವೀಸ್ ಬುಕ್ಕಿನಲ್ಲಿದೆ, ಅದು ಇಲ್ಲಿ ಬೇಡ.

ನಾನು ಬಂಟ್ವಾಳದ ಕಡೆಯವನು. ಮಂಗಳೂರಿಗೆ ಬಂದವನು ಮೊದಲು ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಕೆಲಸಕ್ಕೆ ನಿಂತೆ. ಸಂಜೆ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಪಾಸಾಗುವಾಗ ಮೀಸೆಯಲ್ಲಿ ಒಂದೆರಡು ಬಿಳಿ ಕೂದಲಿತ್ತು. ಆ ಮಾರ್ಕ್ಸ್ ಕಾರ್ಡ್ ಹಿಡಿದು ಕಾಲೇಜಿಗೆ ಅಟೆಂಡರ್ ಆಗಿ ಸೇರಿದೆ. ಹೋಟೆಲಿನ ಕೆಲಸ ಬಿಟ್ಟೆ, ಆದರೆ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಕೈಯಿಂದ ಹೋಗಲಿಲ್ಲ. ಒಂದು ಕಲೆ ಕಂಡರೂ ಮನಸ್ಸಿಗೆ ಸಮಾಧಾನವಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ.

ನನಗೆ ಕೆಲಸ ಕಲಿಸಿದವರು ಲಿಗೋರಿ ಪೊರ್ಬುಗಳು, ವಿಭಾಗದ ಹಳೆಯ ಟೆಕ್ನಿಷಿಯನ್. ಕ್ರಿಶ್ಚಿಯನ್ ಹಿರಿಯರನ್ನು ನಮ್ಮ ಕಡೆ ಪೊರ್ಬುಗಳು ಎನ್ನುತ್ತೇವೆ. ಆಗ ಕಪ್ಪೆಗಳ ಕಾಲ. ಕಪ್ಪೆಯ ಮೀನಖಂಡದ ಸ್ನಾಯುವನ್ನು ಅದರ ನರದ ಸಮೇತ ಬಿಡಿಸಿ, ಸ್ನಾಯುವಿಗೆ ದಾರ ಕಟ್ಟಿ ಒಂದು ಕಡ್ಡಿಗೆ ಜೋಡಿಸುತ್ತಿದ್ದರು. ನರವನ್ನು ಎರಡು ತಂತಿಗಳ ಮೇಲೆ ಮಲಗಿಸಿ ಸಣ್ಣ ಕರೆಂಟ್ ಕೊಟ್ಟರೆ ಸ್ನಾಯು ಚಟ್ಟನೆ ಎಳೆಯುತ್ತಿತ್ತು. ತಿರುಗುವ ಡ್ರಮ್ಮಿಗೆ ಸುತ್ತಿದ ಕಾಗದದ ಮೇಲೆ ಕಡ್ಡಿಯ ತುದಿ ಗುಡ್ಡದ ಹಾಗೆ ಒಂದು ಗೆರೆ ಎಳೆಯುತ್ತಿತ್ತು. ಆ ಕಾಗದಕ್ಕೆ ಮೊದಲೇ ಹೊಗೆಯಲ್ಲಿ ಮಸಿ ಹಿಡಿಸಿರುತ್ತಿದ್ದೆವು. ಕಪ್ಪಿನ ಮೇಲೆ ಬಿಳಿ ಗೆರೆ ಮೂಡಬೇಕಲ್ಲ, ಅದಕ್ಕೆ.

ಸೇರಿದ ಎರಡನೆಯ ವಾರ, ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಮಧ್ಯಾಹ್ನ, ಮೇಜಿನ ಮೇಲೆ ಮಸಿ ಹಿಡಿದ ಡ್ರಮ್ಮೊಂದು ಬಿದ್ದಿತ್ತು. ಒದ್ದೆ ಬಟ್ಟೆ ತಂದು ಅದನ್ನು ಫಳಫಳ ಒರೆಸಿ ಇಟ್ಟೆ. ಗೆರೆ ಅಳಿಯದಂತೆ ಬಳಿಯುವ ವಾರ್ನಿಷ್ ಡಬ್ಬಿ ಹಿಡಿದುಕೊಂಡು ಬಂದ ಪೊರ್ಬುಗಳು ಬಾಗಿಲಲ್ಲೇ ನಿಂತರು.

"ಎಂತ ಮಾರಾಯ ಮಾಡಿದ್ದು? ಆ ಹುಡುಗನ ಪರೀಕ್ಷೆಯನ್ನೇ ಒರೆಸಿ ಹಾಕಿದಿಯಲ್ಲ!"

"ಮಸಿ ಇತ್ತು ಪೊರ್ಬುಗಳೇ."

"ಹೋಟೆಲಲ್ಲಿ ಕರಿ ಕಂಡ್ರೆ ಅದು ಕೊಳೆ. ಇಲ್ಲಿ ಕರಿ ಕಂಡ್ರೆ ಅದು ಕಾಗದ. ತಿಳೀತಾ?"

"ಇಲ್ಲ" ಎಂದೆ.

"ಪರವಾಗಿಲ್ಲ, ನನಗೂ ಮೊದಲು ತಿಳೀಲಿಲ್ಲ" ಎಂದು ನಕ್ಕರು. ಅವರೇ ಹೋಗಿ ಪರೀಕ್ಷಕರಲ್ಲಿ ಕೇಳಿಕೊಂಡು ಆ ಹುಡುಗನಿಗೆ ಇನ್ನೊಮ್ಮೆ ಮಾಡಲು ಅವಕಾಶ ಕೊಡಿಸಿದರು.

ನರ ಮತ್ತು ಸ್ನಾಯು ಹೊರಗೆ ತೆಗೆದ ಮೇಲೂ ಜೀವಂತ ಇರಬೇಕಾದರೆ ಅದನ್ನು ಒಂದು ಉಪ್ಪಿನ ನೀರಿನಲ್ಲಿ ಇಡಬೇಕು. ರಿಂಗರ್ ಎನ್ನುತ್ತೇವೆ. ಅದನ್ನು ಮಾಡಲು ಪೊರ್ಬುಗಳು ಕಲಿಸಿದ ಕ್ರಮ ಹೀಗೆ: ಅಡುಗೆಯ ಉಪ್ಪು, ಸೋಡ, ಕ್ಯಾಲ್ಸಿಯಂ ಹೀಗೆ ಒಂದೊಂದು ಉಪ್ಪಿಗೆ ಒಂದೊಂದು ಬೀಕರ್. ದೊಡ್ಡ ಪಾತ್ರೆಗೆ ನೀರು ಮೊದಲೇ ತುಂಬಿರಬೇಕು. ಉಳಿದ ಎಲ್ಲಾ ಉಪ್ಪು ಹಾಕಿ ಆದ ಮೇಲೆ ಕ್ಯಾಲ್ಸಿಯಂ ಕೊನೆಗೆ, ತೊಟ್ಟು ತೊಟ್ಟಾಗಿ, ಕಲಕುತ್ತಾ.

"ಕ್ಯಾಲ್ಸಿಯಂ ಯಾಕೆ ಕೊನೆಗೆ?" ಎಂದು ಒಮ್ಮೆ ಕೇಳಿದೆ.

"ಗೊತ್ತಿಲ್ಲ. ನನಗೆ ಕಲಿಸಿದವರು ಹಾಗೆ ಹೇಳಿದ್ರು. ಬೇರೆ ಥರ ಮಾಡಿ ನೋಡುವ ಧೈರ್ಯ ನನಗೆ ಬರ್ಲಿಲ್ಲ."

ಪೊರ್ಬುಗಳು ನಿವೃತ್ತರಾದರು, ಅವರ ಕೆಲಸ ನನ್ನ ಕೈಗೆ ಬಂತು. ಮಸಿ ಹಿಡಿದ ಡ್ರಮ್ಮುಗಳು ಉಗ್ರಾಣಕ್ಕೆ ಹೋಗಿ ಶಾಯಿಯ ಪೆನ್ನಿನಲ್ಲಿ ತಾನೇ ಬರೆಯುವ ಯಂತ್ರ ಬಂತು. ಹೊಸ ಹೆಡ್ ಸರ್ ಬಂದರು. ಒಳ್ಳೆಯವರು, ಆದರೆ ಗಡಿಬಿಡಿಯವರು. ಶುಚಿ ಎಂದರೆ ಅವರಿಗೆ ನನಗಿಂತ ಹೆಚ್ಚು. ಒಮ್ಮೆ ಕಪಾಟಿನ ಬಾಟ್ಲಿಯೊಂದನ್ನು ಕಿಟಕಿಗೆ ಹಿಡಿದು, "ಇದು ಲ್ಯಾಬಾ ವಾಮನ, ಇಲ್ಲಾ ತೋಡಾ?" ಎಂದು ಎಲ್ಲರೆದುರು ಕೇಳಿದ್ದರು. ಮಳೆಗಾಲದ ತೋಡಿನ ನೀರಿಗೆ ಹೋಲಿಸಿದ್ದು ನನಗೆ ತುಂಬಾ ದಿನ ನೋವಾಗಿತ್ತು.

ಅವರೇ ಒಂದು ದಿನ ನನ್ನ ಬೀಕರುಗಳ ಸಾಲು ನೋಡಿ, "ದಿನಾ ಇಷ್ಟು ಒದ್ದಾಟ ಎಂತಕ್ಕೆ? ಎಲ್ಲಾ ಸೇರಿಸಿ ಹತ್ತು ಪಟ್ಟು ಗಟ್ಟಿ ಮಾಡಿ ಒಂದೇ ಬಾಟ್ಲಿಯಲ್ಲಿ ಇಡು. ಬೆಳಿಗ್ಗೆ ಬೇಕಾದಷ್ಟಕ್ಕೆ ನೀರು ಬೆರೆಸು" ಎಂದರು. ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು. ನಾನು ಅದನ್ನು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದೆ.

ಚೀಟಿಯಲ್ಲಿ ಇದ್ದ ಹಾಗೆ ಮಾಡಿದೆ. ಕ್ಯಾಲ್ಸಿಯಂ ಬಿದ್ದ ಕೂಡಲೇ ಬಾಟ್ಲಿಯೊಳಗೆ ಮೋಡ ಎದ್ದಿತು, ಹೊಳೆಯಿಂದ ಹೆಕ್ಕಿದ ಮರುವಾಯಿ ಚಿಪ್ಪು ತೊಳೆದ ನೀರಿನ ಹಾಗೆ. ಸ್ವಲ್ಪ ಹೊತ್ತಿನಲ್ಲಿ ಅಡಿಯಲ್ಲಿ ಬಿಳಿ ಕೆಸರು ಕುಳಿತಿತು. ನನಗೆ ಗಾಬರಿಯಾಯಿತು. ಉಪ್ಪಿನಲ್ಲಿ ಕಲಬೆರಕೆಯೋ, ಬಾಟ್ಲಿ ಸರಿಯಾಗಿ ತೊಳೆದಿಲ್ಲವೋ? ಸರ್ ಬಂದು ನೋಡುವುದರೊಳಗೆ ಆಗಬೇಕೆಂದು ಆಲಿಕೆಗೆ ಫಿಲ್ಟರ್ ಪೇಪರ್ ಹಾಕಿ ಇಡೀ ಬಾಟ್ಲಿ ಸೋಸಿದೆ. ನೀರು ಕನ್ನಡಿಯ ಹಾಗೆ ಬಂತು. ಸರ್ ಅದನ್ನು ಕಿಟಕಿಗೆ ಹಿಡಿದು ನೋಡಿದರು.

"ವೆರಿ ಗುಡ್ ವಾಮನ. ನೋಡು, ಹೀಗಿರಬೇಕು."

ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ದಿನ ಬಸ್ಸಿನಲ್ಲಿ ಪಡೀಲಿನ ಮನೆಯವರೆಗೆ ನಿಂತೇ ಬಂದರೂ ಕಾಲು ನೋಯಲಿಲ್ಲ.

ವಿಭಾಗದಲ್ಲಿ ಆಗ ಶರಲ್ ಮೇಡಂ ಪಿಎಚ್‌ಡಿಗೆ ಇದ್ದರು. ಮೊದಲು ವಾರ್ಡಿನಲ್ಲಿ ನರ್ಸ್ ಆಗಿದ್ದು, ಆಮೇಲೆ ಹಿಡಿದ ನರ್ಸಿಂಗ್ ಕಾಲೇಜಿನ ಪಾಠದ ಕೆಲಸವನ್ನೂ ಬಿಟ್ಟು, ನಲವತ್ತರ ಹತ್ತಿರದಲ್ಲಿ ಓದಲು ಬಂದವರು. ದುಬೈಯಲ್ಲಿರುವ ಅಣ್ಣ ಫೋನ್ ಮಾಡಿದಾಗಲೆಲ್ಲ "ಇನ್ನು ಓದಿ ಎಂತ ಮಾಡ್ಲಿಕ್ಕುಂಟು ನಿನಗೆ?" ಎಂದು ಕೇಳುತ್ತಾರಂತೆ. ತಡವಾಗಿ ಓದಿದ ನನಗೂ ಅವರಿಗೂ ಹಾಗಾಗಿ ಮಾತು ಕೂಡಿಬರುತ್ತಿತ್ತು. ನನ್ನನ್ನು ವಾಮನಣ್ಣ ಎನ್ನುತ್ತಿದ್ದರು.

ಅವರು ಹುಡುಕುತ್ತಿದ್ದದ್ದು ಇಷ್ಟು. ಬಿಪಿಗೆ ಕೊಡುವ ಒಂದು ಜಾತಿಯ ಮಾತ್ರೆ ರಕ್ತನಾಳದಲ್ಲಿ ಕ್ಯಾಲ್ಸಿಯಂ ಒಳಗೆ ಬರುವ ದಾರಿಯನ್ನು ಮುಚ್ಚುತ್ತದಂತೆ. ನರದ ತುದಿಯಲ್ಲೂ ಕ್ಯಾಲ್ಸಿಯಂಗೆ ಅಂಥ ದಾರಿ ಉಂಟು. ಮಾತ್ರೆ ಅದನ್ನೂ ಮುಚ್ಚುತ್ತದಾ? ಮುಚ್ಚಿದರೆ ನರ ಹೇಳಿದ್ದು ಸ್ನಾಯುವಿಗೆ ಕೇಳಬಾರದು. ಮೊದಲು ಮದ್ದಿಲ್ಲದೆ ಸ್ನಾಯು ಎಳೆಯುವುದನ್ನು ತೋರಿಸಬೇಕು, ಆಮೇಲೆ ಮದ್ದು ಹಾಕಿ ನೋಡಬೇಕು. ಯೂನಿವರ್ಸಿಟಿಯಿಂದ ಇಬ್ಬರು ಶುಕ್ರವಾರ ಬಂದು ಇದನ್ನು ಕಣ್ಣಾರೆ ನೋಡುವವರಿದ್ದರು. ತೋರಿಸಲಾಗದಿದ್ದರೆ ಮೇಡಂನ ರಿಜಿಸ್ಟ್ರೇಷನ್ ಮುಂದುವರಿಸುವುದು ಕಷ್ಟ ಎಂದು ಹೆಡ್ ಸರ್ ಮೊದಲೇ ಹೇಳಿದ್ದರು. ಅವರೇ ಮೇಡಂನ ಗೈಡ್.

ಆ ವಾರದ ಸೋಮವಾರ ಮೇಡಂಗೆ ಮೊದಲ ಸಲ ಹೊಸ ಬಾಟ್ಲಿಯ ರಿಂಗರ್ ಕೊಟ್ಟೆ. ಸ್ನಾಯು ಮೊದಲು ಚೆನ್ನಾಗಿ ಎಳೆಯಿತು. ಆಮೇಲೆ ಗೆರೆಯ ಗುಡ್ಡ ಸಣ್ಣದಾಗುತ್ತಾ ಬಂದು ಅರ್ಧ ಗಂಟೆಯೊಳಗೆ ನೆಲಕ್ಕೆ ಅಂಟಿತು. ಮದ್ದು ಇನ್ನೂ ಮುಟ್ಟಿಯೇ ಇರಲಿಲ್ಲ.

"ನರಕ್ಕೆ ಕತ್ತರಿ ತಾಗಿರ್ಬೇಕು" ಎಂದು ಮೇಡಂ ಇನ್ನೊಂದು ಕಪ್ಪೆ ತೆಗೆದುಕೊಂಡರು. ಅದೂ ಹಾಗೆಯೇ ಆಯಿತು.

ವಿಚಿತ್ರವೆಂದರೆ ಸ್ನಾಯು ಸತ್ತಿರಲಿಲ್ಲ. ತಂತಿಯನ್ನು ನರದಿಂದ ತೆಗೆದು ನೇರ ಸ್ನಾಯುವಿಗೇ ಮುಟ್ಟಿಸಿದರೆ ಚಟ್ಟನೆ ಎಳೆಯುತ್ತಿತ್ತು. ನರವೂ ಸತ್ತಿರಲಿಲ್ಲ, ಅದರಲ್ಲಿ ಕರೆಂಟ್ ಹರಿಯುವುದು ಇನ್ನೊಂದು ಯಂತ್ರದ ಪರದೆಯಲ್ಲಿ ಕಾಣುತ್ತಿತ್ತು. ಎರಡೂ ಜೀವಂತ. ನಡುವೆ ಮಾತಿಲ್ಲ. ಕೆಲವೊಮ್ಮೆ ಯಾರೂ ಮುಟ್ಟದೆ ಸ್ನಾಯು ತಾನಾಗಿ ಅದುರುತ್ತಿತ್ತು. ಕರೆಯದಿದ್ದಾಗ ಓಗೊಡುತ್ತದೆ, ಕರೆದರೆ ಇಲ್ಲ.

ಮಂಗಳವಾರ ಯಂತ್ರವನ್ನು ದೂರಿದೆವು. ನಾನು ಎಲ್ಲಾ ತಂತಿ ಬದಲಿಸಿದೆ. ಬುಧವಾರ ಕಪ್ಪೆಯನ್ನು ದೂರಿದೆವು, ಬೇರೆ ಕಡೆಯಿಂದ ತರಿಸಿದೆವು. ಎಂಬಿಬಿಎಸ್ ಮಕ್ಕಳಿಗೆ ಅದೇ ರಿಂಗರಿನಲ್ಲಿ ಪ್ರಾಕ್ಟಿಕಲ್ ಸರಿಯಾಗಿಯೇ ಆಗುತ್ತಿತ್ತು. ಅವರು ಹತ್ತು ನಿಮಿಷದಲ್ಲಿ ಮುಗಿಸಿ ಹೋಗುತ್ತಿದ್ದರು ಎಂಬುದು ಆಗ ನಮ್ಮ ತಲೆಗೆ ಹೊಳೆಯಲಿಲ್ಲ. ಹಾಗಾಗಿ ನೀರಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಅಷ್ಟು ತಿಳಿಯಾದ ನೀರು!

ಸಂಜೆ ಹೆಡ್ ಸರ್ ಬಂದು ಚಪ್ಪಟೆ ಗೆರೆಯ ಕಾಗದವನ್ನು ಮೊಳಗಟ್ಟಲೆ ಎಳೆದು ನೋಡಿದರು. "ಮಕ್ಕಳಿಗೆ ಆಗ್ತದೆ, ನಿಮಗೆ ಆಗುವುದಿಲ್ಲ ಅಂದ್ರೆ ಎಂತ ಅರ್ಥ ಶರಲ್? ಕೈಯಲ್ಲಿ ನಯ ಇಲ್ಲ. ಶುಕ್ರವಾರ ಅವರ ಮುಂದೆ ಇದನ್ನು ತೋರಿಸುವುದಾ?"

ಸರ್ ಹೋದ ಮೇಲೆ ಮೇಡಂ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಹನ್ನೆರಡು ವರ್ಷ ಇಂಜೆಕ್ಷನ್ ಕೊಟ್ಟ ಕೈ ವಾಮನಣ್ಣ ಇದು. ನಡುಗ್ತದಾ ನೋಡಿ."

"ಇಲ್ಲ ಮೇಡಂ."

"ಹಾಗಾದ್ರೆ ನನಗೆಂತ ಆಗಿದೆ?"

ಗುರುವಾರ ಅವರು ಕಪ್ಪೆ ಕೇಳಲಿಲ್ಲ. ಮೇಜಿನಲ್ಲಿ ಕುಳಿತು ಬಿಳಿ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆಯುತ್ತಿದ್ದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ 'ವಿತ್‌ಡ್ರಾ' ಎಂಬ ಒಂದು ಶಬ್ದ ಓದಲು ಆಯಿತು. ನಾನು ಒಳಗಿನ ಕೋಣೆಗೆ ಹೋಗಿ ಮರುದಿನಕ್ಕೆ ಹೊಸ ಬಾಟ್ಲಿ ಮಾಡಲು ನಿಂತೆ. ಬೇರೆ ಏನು ಮಾಡುವುದೆಂದು ತೋಚಲಿಲ್ಲ. ಗಟ್ಟಿ ದ್ರಾವಣ ಮಾಡಿದೆ, ಮೋಡ ಎದ್ದಿತು, ಸೋಸಲು ಇಟ್ಟೆ.

ಮೇಡಂ ಕೈ ತೊಳೆಯಲು ಒಳಗೆ ಬಂದರು. ಕಣ್ಣು ಕೆಂಪಗಿತ್ತು. ಆಲಿಕೆಯ ಮುಂದೆ ನಿಂತರು.

"ಇದೆಂತ ವಾಮನಣ್ಣ, ಬಿಳಿ?"

"ಕೊಳೆ ಮೇಡಂ. ಉಪ್ಪಿನಲ್ಲಿ ಬರ್ತದೆ. ನಾನು ಪ್ರತಿ ಸಲ ಸೋಸಿಯೇ ಕೊಡುವುದು."

"ಪ್ರತಿ ಸಲ?"

"ಹೌದು. ಹೊಸ ಬಾಟ್ಲಿ ಶುರುವಾದ ಮೇಲೆ."

ಅವರು ಆಮ್ಲದ ಬಾಟ್ಲಿ ತೆಗೆದು, ಫಿಲ್ಟರ್ ಪೇಪರಿನ ಮೂಲೆಗೆ ಒಂದು ತೊಟ್ಟು ಬಿಟ್ಟರು. ಬಿಳಿ ಕೆಸರು ಬುಸ್ ಎಂದು ನೊರೆ ಎದ್ದಿತು.

"ನಿಮ್ಮ ಊರಲ್ಲಿ ಮರುವಾಯಿ ಚಿಪ್ಪು ಸುಟ್ಟು ಎಂತ ಮಾಡ್ತಾರೆ?"

"ಸುಣ್ಣ."

"ಇದೂ ಆ ಜಾತಿಯದ್ದೇ. ಕ್ಯಾಲ್ಸಿಯಂ. ಗಟ್ಟಿ ನೀರಲ್ಲಿ ಸೋಡದ ಉಪ್ಪಿನ ಜೊತೆ ಸೇರಿ ಕಲ್ಲಾಗಿ ಕೆಳಗೆ ಕೂತಿದೆ. ನೀವು ಅದನ್ನು ಸೋಸಿ ಬಿಸಾಡಿದ್ದೀರಿ ಮಾರ್ರೆ!"

ನನಗೆ ಅರ್ಥವಾಗಲಿಲ್ಲ. "ಕ್ಯಾಲ್ಸಿಯಂ ಎಲುಬಿಗೆ ಅಲ್ವಾ ಮೇಡಂ? ಕರೆಂಟ್ ಹೋಗಲಿಕ್ಕೆ ಸುಣ್ಣ ಎಂತಕ್ಕೆ?"

ಅವರು ಸಿಂಕಿನ ಕಟ್ಟೆಗೆ ಒರಗಿ ಹೇಳಿದರು. ನನಗೆ ನೆನಪಿರುವಷ್ಟು ಬರೆಯುತ್ತೇನೆ. ನರದ ಕರೆಂಟ್ ಸ್ನಾಯುವಿಗೆ ನೇರ ಹೋಗುವುದಿಲ್ಲ. ನರದ ತುದಿಗೂ ಸ್ನಾಯುವಿಗೂ ನಡುವೆ ಕೂದಲೆಳೆಗಿಂತ ಸಣ್ಣ ಸಂದು ಉಂಟು. ತುದಿಯೊಳಗೆ ಸಣ್ಣ ಸಣ್ಣ ಚೀಲಗಳಲ್ಲಿ ಒಂದು ರಾಸಾಯನಿಕ ತುಂಬಿ ತಯಾರಾಗಿರುತ್ತದೆ. ತುದಿಯ ಗೋಡೆಯಲ್ಲಿ ಕ್ಯಾಲ್ಸಿಯಂಗೆಂದೇ ಇರುವ ಬಾಗಿಲುಗಳಿವೆ. ಕರೆಂಟ್ ಬಂದು ತಾಗಿದ ಕೂಡಲೇ ಅವು ತೆರೆಯುತ್ತವೆ. ಹೊರಗಿನ ನೀರಿನಲ್ಲಿರುವ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದು ಬಂದರೆ ಮಾತ್ರ ಚೀಲಗಳು ಗೋಡೆಗೆ ಅಂಟಿ ಬಾಯಿ ಬಿಡುತ್ತವೆ. ರಾಸಾಯನಿಕ ಸಂದಿಗೆ ಸುರಿದು ಆಚೆಯ ಸ್ನಾಯುವನ್ನು ಎಬ್ಬಿಸುತ್ತದೆ. ಇಷ್ಟೆಲ್ಲ ಆಗುವುದು ನಾವು ರೆಪ್ಪೆ ಮುಚ್ಚುವುದಕ್ಕಿಂತ ಬೇಗ.

"ಹಾಗಾದ್ರೆ ಈ ವಾರ ಆ ಬಾಗಿಲು ತೆರೆಯಲೇ ಇಲ್ವಾ?"

"ತೆರೆದಿತ್ತು ವಾಮನಣ್ಣ. ಪ್ರತಿ ಸಲವೂ ತೆರೆದಿತ್ತು. ಹೊರಗೆ ಒಳಬರುವವರು ಯಾರೂ ಇರ್ಲಿಲ್ಲ."

ಕಪ್ಪೆಯ ಮೈಯಿಂದಲೇ ಬಂದ ಚೂರು ಕ್ಯಾಲ್ಸಿಯಂ ನೀರಿಗೆ ಹೋಗಿ ಮುಗಿಯುವವರೆಗೆ ಮಾತ್ರ ಸ್ನಾಯು ಎಳೆಯುತ್ತಿತ್ತು, ಮಕ್ಕಳ ಹತ್ತು ನಿಮಿಷಕ್ಕೆ ಅದು ಸಾಕಾಗಿತ್ತು ಎಂದೂ ಹೇಳಿದರು. ಆಮೇಲೆ ಅವರು ಹೊರಗೆ ಹೋಗಿ ಆ ಬಿಳಿ ಹಾಳೆಯನ್ನು ನಾಲ್ಕಾಗಿ ಹರಿದು, "ಪೊರ್ಬುಗಳ ಥರ ಮಾಡಿ ಕೊಡ್ತೀರಾ?" ಎಂದು ಕೇಳಿದರು. ನೀರು ಮೊದಲು. ಬೇರೆ ಬೇರೆ ಬೀಕರ್. ಕ್ಯಾಲ್ಸಿಯಂ ಕೊನೆಗೆ, ತೊಟ್ಟು ತೊಟ್ಟಾಗಿ. ಮೋಡ ಏಳಲಿಲ್ಲ. ಹಿಂದಿನ ದಿನ ಬಿಡಿಸಿದ್ದ ಸ್ನಾಯು ಉಪಯೋಗಕ್ಕಿಲ್ಲದ್ದರಿಂದ ಹೊಸದನ್ನು ಜೋಡಿಸಿದರು. ಒಂದು ಗಂಟೆ ಕಳೆದರೂ ಗುಡ್ಡದ ಎತ್ತರ ಇಳಿಯಲಿಲ್ಲ.

ಶುಕ್ರವಾರ ಯೂನಿವರ್ಸಿಟಿಯ ಇಬ್ಬರೂ ಬಂದರು. ಸ್ನಾಯು ಎಳೆಯಿತು. ಮದ್ದು ಹಾಕಿದ ಮೇಲೂ ಎಳೆಯಿತು. ಅಂದರೆ ಬಿಪಿ ಮಾತ್ರೆ ನರದ ತುದಿಯ ಬಾಗಿಲನ್ನು ಮುಚ್ಚುವುದಿಲ್ಲ, ಇದು ಬೇರೆ ಜಾತಿಯ ಬಾಗಿಲು ಎಂದು ಮೇಡಂ ಹೇಳಿದರು. ಇಬ್ಬರೂ ತಲೆಯಾಡಿಸಿ ಬರೆದುಕೊಂಡರು. ಕೆಲಸ ಮುಂದುವರಿಯಲಿ ಎಂದು ಅಲ್ಲೇ ಹೇಳಿದರು. ಅವರು ಚಾ ಕುಡಿದು ಹೋದ ಮೇಲೆ ಹೆಡ್ ಸರ್ ಕೇಳಿದರು:

"ನಿನ್ನೆಯವರೆಗೆ ಎಂತ ಆಗಿತ್ತು ಹಾಗಾದ್ರೆ?"

"ಸಲ್ಯೂಷನ್ ಸರಿ ಇರ್ಲಿಲ್ಲ ಸರ್."

"ಯಾರು ಮಾಡಿದ್ದು?"

ಮೇಡಂ ಯಂತ್ರದ ಪೆನ್ನು ಸರಿ ಮಾಡುವವರ ಹಾಗೆ ಬಗ್ಗಿದರು. ಅವರು ನನ್ನ ಹೆಸರು ಹೇಳುವುದಿಲ್ಲ ಎಂದು ಗೊತ್ತಾಯಿತು. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಅವರು ಅಂಗೈ ತಿರುಗಿಸಿ ನೋಡಿಕೊಂಡದ್ದು ನನ್ನ ಕಣ್ಣಿನಿಂದ ಹೋಗಿರಲಿಲ್ಲ.

"ನಾನು ಸರ್. ಬಿಳಿ ಕೆಸರು ಬಂತು. ಸೋಸಿದೆ. ಅದರಲ್ಲೇ ಕ್ಯಾಲ್ಸಿಯಂ ಇತ್ತಂತೆ."

"ಸೋಸ್ಲಿಕ್ಕೆ ನಿನಗೆ ಹೇಳಿದ್ದು ಯಾರು?"

"ಯಾರೂ ಇಲ್ಲ ಸರ್. ತಿಳಿ ಇರ್ಬೇಕು ಅಂತ."

"ಕೆಸರು ಯಾಕೆ ಬಂತು? ಹತ್ತು ಪಟ್ಟು..." ಎಂದವರು ಅಲ್ಲಿಗೇ ನಿಂತರು. ಕಿಟಕಿಯ ಕಡೆ ನೋಡಿದರು. ಬಾಟ್ಲಿಯನ್ನು ಬೆಳಕಿಗೆ ಹಿಡಿದು ಹೊಗಳಿದ್ದು ಅವರಿಗೂ ನೆನಪಾಯಿತೋ ಇಲ್ಲವೋ ನಾನು ಹೇಳಲಾರೆ. "ಸರಿ, ಹೋಗು" ಎಂದರು. ಬೈಯಲಿಲ್ಲ. ಮೇಡಂ ಹತ್ತಿರ ಕೈ ವಿಷಯಕ್ಕೆ ಕ್ಷಮೆ ಕೇಳಿದ್ದನ್ನೂ ನಾನು ಕಾಣಲಿಲ್ಲ.

ಸೋಮವಾರ ಕಪಾಟು ತೆರೆದಾಗ ಹಳೆಯ ಚೀಟಿ ಇರಲಿಲ್ಲ. ಆ ಜಾಗದಲ್ಲಿ ದಪ್ಪ ಕಾಗದದ ಹೊಸ ಕಾರ್ಡ್ ಅಂಟಿಸಿತ್ತು, ಸರ್ ಕೈಬರಹದಲ್ಲೇ.

ಆ ತಪ್ಪು ಯಾರದ್ದು ಎಂದು ನಾನು ಇವತ್ತಿಗೂ ತೀರ್ಮಾನ ಮಾಡಿಲ್ಲ. ಗಟ್ಟಿ ಮಾಡು ಎಂದವರದ್ದಾ? ಯಾಕೆಂದು ಹೇಳದೆ ಕ್ರಮ ಮಾತ್ರ ಕಲಿಸಿ ಹೋದ ಪೊರ್ಬುಗಳದ್ದಾ? ಕೇಳದೆ ಸೋಸಿದ ನನ್ನದಾ? ನಾನು ಕೆಲಸಗೇಡಿಯಾಗಿದ್ದರೆ ಕೆಸರು ಹಾಗೇ ಉಳಿದು ಯಾರಾದರೂ ಮೊದಲ ದಿನವೇ ನೋಡುತ್ತಿದ್ದರು. ಮನಸ್ಸಿಟ್ಟು ಮಾಡಿದ್ದರಿಂದಲೇ ಕೆಟ್ಟದ್ದು. ಇದನ್ನು ಹೊಸಬರಿಗೆ ಹೇಗೆ ಹೇಳುವುದು? ಮನಸ್ಸಿಡಬೇಡಿ ಎನ್ನಲಾಗುತ್ತದಾ?

ಶರಲ್ ಮೇಡಂ ಡಾಕ್ಟರೇಟ್ ಪಡೆದು ಈಗ ಬೇರೆ ಊರಿನಲ್ಲಿ ಪಾಠ ಮಾಡುತ್ತಾರೆ. ನನಗೂ ಬಿಪಿ ಬಂದಿದೆ, ಅದೇ ಜಾತಿಯ ಮಾತ್ರೆ. ಮೊದಲ ದಿನ ನುಂಗಿದ ಮೇಲೆ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿದೆ. ಬೇರೆ ಬಾಗಿಲು ಎಂದು ಗೊತ್ತಿದ್ದೂ ಹೆದರಿಕೆ. ಕಪ್ಪೆಗಳ ಕಾಲ ಮುಗಿಯಿತು. ಈಗ ಅದೆಲ್ಲ ಕಂಪ್ಯೂಟರಿನಲ್ಲಿ. ಕ್ಯಾಲ್ಸಿಯಂ ಸೊನ್ನೆ ಎಂದು ಒತ್ತಿದರೆ ಗೆರೆ ತಾನೇ ಚಪ್ಪಟೆಯಾಗುತ್ತದೆ. ಯಾರ ಕೈಯನ್ನೂ ದೂರಬೇಕಾಗಿಲ್ಲ. ಸಂಶೋಧನೆ ಮಾಡುವವರಿಗೆ ಮಾತ್ರ ಉಪ್ಪಿನ ನೀರು ಈಗಲೂ ಬೇಕು. ನಿಶ್ಮಿತಾ ಮಾಡಿದ್ದು ಅದನ್ನೇ.

ಅವಳ ಫೋನ್ ಬಂದ ಆ ದಿನ ಪಡೀಲಿನಿಂದ ಬಸ್ಸು ಹಿಡಿದು ಹೋದೆ. ಬಾಟ್ಲಿ ಮುಚ್ಚಿ ಇಟ್ಟಿದ್ದಳು. ಬೇಗ ಆಗಲಿ ಎಂದು ಎಲ್ಲವನ್ನೂ ಒಟ್ಟಿಗೆ ಹಾಕಿ ಗಟ್ಟಿ ಮಾಡಿದ್ದಳು. ನಾನು ಒಂದು ತೊಟ್ಟು ಆಮ್ಲ ಬಿಟ್ಟು ತೋರಿಸಿದೆ. ಬುಸ್ ಎಂದಿತು.

"ಅಯ್ಯೋ ದೇವರೇ! ಇದೆಂತ ಅಂಕಲ್, ಸೋಡ ಬಾಟ್ಲಿಯ ಹಾಗೆ!"

"ನರದ ತುದಿಯಲ್ಲಿ ಬಾಗಿಲು ಉಂಟು ಮಗಾ..." ಎಂದು ಶುರು ಮಾಡಿದೆ. ಚೀಲದವರೆಗೆ ಬಂದು ಸಿಕ್ಕಿಕೊಂಡೆ. ಒಳಗೆ ಬಂದ ಕ್ಯಾಲ್ಸಿಯಂ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಅವಳು ಕೇಳಿದಳು. ನಾನು ಅದನ್ನು ಮೇಡಂ ಹತ್ತಿರ ಕೇಳಿಯೇ ಇರಲಿಲ್ಲ. ಅವಳೇ ಮೊಬೈಲಿನಲ್ಲಿ ಹುಡುಕಿ, ಅದನ್ನು ಹೊರಗೆ ಹಾಕಲು ಪಂಪಿನಂಥ ವ್ಯವಸ್ಥೆ ಉಂಟು ಎಂದು ನನಗೇ ಪಾಠ ಮಾಡಿದಳು. ಬಾಟ್ಲಿಯನ್ನು ಸಿಂಕಿಗೆ ಚೆಲ್ಲಿ, ಬೀಕರುಗಳನ್ನು ಸಾಲಾಗಿ ಇಟ್ಟು, ನೀರು ತುಂಬಿಸಲು ಹೊರಟವಳು ಕಪಾಟಿನ ಬಾಗಿಲು ತೆರೆದು ನಿಂತಳು.

"ಅಂಕಲ್, ಇಲ್ಲೊಂದು ಹಳೇ ಕಾರ್ಡ್ ಉಂಟು. ನಾನು ನೋಡಿಯೇ ಇಲ್ಲ." ಮಾಸಿದ ಅಕ್ಷರಗಳನ್ನು ಬೆರಳಿಟ್ಟು ಓದಿದಳು: "ನೀರು ಮೊದಲು. ಕ್ಯಾಲ್ಸಿಯಂ ಕೊನೆಗೆ. ಮೋಡ ಎದ್ದರೆ ಸೋಸಬೇಡಿ. ನನ್ನನ್ನು ಕರೆಯಿರಿ."

ನನ್ನ ಕಡೆ ತಿರುಗಿ ಕೇಳಿದಳು: "ಈ 'ನನ್ನನ್ನು' ಅಂದ್ರೆ ಯಾರು ಅಂಕಲ್?"

"ಹಿಂದಿನ ಹೆಡ್ ಸರ್. ಈಗ ಅವರಿಲ್ಲ. ತೀರಿಕೊಂಡರು."

"ಹಾಗಾದ್ರೆ ಈಗ ಮೋಡ ಎದ್ರೆ ಯಾರನ್ನು ಕರೆಯುವುದು?"

ಪೂರ್ತಿ ಗೊತ್ತಿರುವವರ ಹೆಸರು ಹೇಳಬೇಕಲ್ಲ. ನಾನು ಯೋಚಿಸುತ್ತಿರುವಾಗಲೇ ಅವಳು ಪೆನ್ನು ತೆಗೆದು, ಸರ್ ಬರೆದ ಕೊನೆಯ ಸಾಲಿನ ಕೆಳಗೆ 'ವಾಮನ ಅಂಕಲ್' ಎಂದು ಬರೆದು ನನ್ನ ಮೊಬೈಲ್ ನಂಬರ್ ಹಾಕಿದಳು.

ನಾನು ಬೇಡ ಎನ್ನಲಿಲ್ಲ. ಫೋನ್ ಬಂದಾಗ ಮತ್ತೆ ಬಾಯಿ ಕಟ್ಟಬಾರದೆಂದು ಇಷ್ಟನ್ನು ಬರೆದು ಕೈಗೆಟಕುವಲ್ಲಿ ಇಟ್ಟುಕೊಂಡಿದ್ದೇನೆ.